ಮುದ್ದೇಮಾಲಿನ ತಾಳಿ

ಆ ಕಚೇರಿ ಇದ್ದ ಊರಿನ ಹೆಸರನ್ನು ಬರೆಯುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಿಂದ ಜನ ಕೋರ್ಟು ಖಟ್ಲೆಗೆಂದು ಬಂದು ಹೋಗುತ್ತಿದ್ದ ಊರು ಅಂದರೆ ಸಾಕು. ಅಲ್ಲಿನ ಸರ್ಕಾರಿ ವಕೀಲರ ಮಕ್ಕಳು ಮೊಮ್ಮಕ್ಕಳು ಇನ್ನೂ ಆ ಕಡೆಯೇ ಇದ್ದಾರೆ. ಅವರಿಗೆ ಅಂಜಿ ಹೆಸರು ಬಿಟ್ಟಿರಾ ಎಂದು ಕೇಳಿದರೆ ಇಲ್ಲ ಅನ್ನಲಾರೆ.

ಯುದ್ಧದ ಕಾಲ. ಸೀಮೆಎಣ್ಣೆಗೂ ಸಕ್ಕರೆಗೂ ಚೀಟಿ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಸರ್ಕಾರದ ಲೆಕ್ಕ ತಪಾಸಣೆಯ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ನನ್ನ ಮೇಲಿನ ಅಧಿಕಾರಿ ಗುಲ್ಬರ್ಗಾ ಕಡೆಯ ಹಿರಿಯ ಮುಸಲ್ಮಾನರು, ಕಚೇರಿಯಿಂದ ಕಚೇರಿಗೆ ತಿರುಗಿ ತಿರುಗಿ ಸವೆದವರು. ಮಾತು ಕಡಿಮೆ, ಕೆಮ್ಮು ಹೆಚ್ಚು. ನನ್ನನ್ನು ಬೇಟಾ ಅನ್ನುತ್ತಿದ್ದರು. ಕೆಲಸ ಕಲಿಸುವಾಗ ಅವರು ಹೇಳಿದ ಒಂದು ಮಾತು ಇದು: “ಕಳ್ಳತನ ಆಗೇತೇನು ಅಂತ ನೋಡೂದು ಪೊಲೀಸರ ಕೆಲಸ. ಕಳ್ಳತನ ಮಾಡಾಕ ಬಾಗಿಲಾ ತೆರದೈತೇನು ಅಂತ ನೋಡೂದು ನಮ್ಮ ಕೆಲಸ.”

ನಾವು ಬರುವ ಸುದ್ದಿ ಆ ಊರಿಗೆ ನಮಗಿಂತ ಮೊದಲೇ ಬಂದಿತ್ತು. ಮೋಟಾರಿನಿಂದ ಇಳಿದಾಗ ಟಾಂಗಾಗಳು ಸಾಲಾಗಿ ನಿಂತಿದ್ದವು. ನಾವು ಯಾರೆಂದು ತಿಳಿದ ಕೂಡಲೇ ಒಬ್ಬನ ಕುದುರೆಯ ಕಾಲು ಕುಂಟಾಯಿತು, ಇನ್ನೊಬ್ಬನಿಗೆ ಬೇರೆ ಬಾಡಿಗೆ ಮೊದಲೇ ಸಿಕ್ಕಿತ್ತು. ಪೆಟ್ಟಿಗೆಗಳನ್ನು ಹೊತ್ತು ಧರ್ಮಶಾಲೆಗೆ ನಡೆದೆವು. ಹಾದಿಯಲ್ಲಿದ್ದ ಖಾನಾವಳಿಯ ಒಲೆಯಿಂದ ಹೊಗೆ ಏಳುತ್ತಿತ್ತು, ರೊಟ್ಟಿ ಬಡಿಯುವ ಸಪ್ಪಳ ಬೀದಿಗೆ ಕೇಳುತ್ತಿತ್ತು. ಮಾಲೀಕ ಬಾಗಿಲಿಗೆ ಅಡ್ಡ ನಿಂತು, “ಅಡಿಗಿ ತೀರೇತ್ರಿ” ಎಂದ.

“ರೊಟ್ಟಿ ಬಡ್ಯಾಕ ಹತ್ಯಾರಲ್ಲ?” ಎಂದೆ.

“ಅವು ಎಮ್ಮಿಗ್ರಿ.”

ಒಳಗೆ ಯಾರೋ ನಕ್ಕರು.

ಸಂಜೆ ಸರ್ಕಾರಿ ವಕೀಲರ ಮನೆಯಿಂದ ಜವಾನನೊಬ್ಬ ಊಟದ ಡಬ್ಬಿ ತಂದ. ತುಪ್ಪದ ವಾಸನೆ ಮುಚ್ಚಳ ತೆಗೆಯುವ ಮೊದಲೇ ಬಂದಿತ್ತು. ಹಿರಿಯರು ಸಲಾಮು ಹೇಳಿ ಅದನ್ನು ಹಾಗೆಯೇ ತಿರುಗಿ ಕಳಿಸಿದರು. “ಖಾನಾವಳಿ ಯಾಕ ಬಂದ್ ಆತು ಅಂತ ಈಗ ತಿಳೀತೇನು?” ಎಂದು ನನ್ನನ್ನು ಕೇಳಿದರು. ಪೇಟೆಯಲ್ಲಿ ಪುಠಾಣಿ ಕಡಲೆ, ಬೆಲ್ಲ ಕೊಂಡು ತಂದು ತಿಂದೆವು. ಆ ಊರಿನಲ್ಲಿ ಇದ್ದಷ್ಟು ದಿನ ಅದೇ ಊಟ.

ಕಚೇರಿ ಅಂದರೆ ಒಂದು ಪಡಸಾಲೆ, ಅದರ ಹಿಂದೆ ಎರಡು ಕೋಣೆ. ಒಳಕೋಣೆಯಲ್ಲಿ ವಕೀಲರು ಕೂಡುತ್ತಿದ್ದರು. ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಶೇರವಾನಿ, ಬೆಳ್ಳಿಯ ಎಲೆಅಡಿಕೆ ಡಬ್ಬಿ. ಅವರು ದನಿ ಏರಿಸಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಹೊರಕೋಣೆಯಲ್ಲಿ ಹಿರಿಯ ಗುಮಾಸ್ತ. ಐವತ್ತರ ಆಸುಪಾಸು, ಹಣೆಯ ಮೇಲೆ ವಿಭೂತಿ, ಮಾತಿಗೊಮ್ಮೆ “ಶಿವನಿಚ್ಛಾ” ಅನ್ನುವವನು. ನಮಗೆ ಕುಡಿಯಲು ನೀರು ಬೇಕಾದರೆ ಅವನು ಜವಾನನನ್ನು ಕರೆಯುತ್ತಿದ್ದ, ಜವಾನ ಬರುತ್ತಿರಲಿಲ್ಲ, ಇಬ್ಬರೂ ಅದರ ಬಗ್ಗೆ ಮತ್ತೆ ಮಾತೆತ್ತುತ್ತಿರಲಿಲ್ಲ.

ಅವನ ಬೆನ್ನ ಹಿಂದೆ ಗೋಡೆಗೆ ಹತ್ತಿಸಿ ಇಟ್ಟಿದ್ದ ಕಬ್ಬಿಣದ ತಿಜೋರಿಯೇ ನಮ್ಮ ಕೆಲಸದ ಮುಖ್ಯ ಭಾಗ. ಕಳ್ಳರಿಂದ ಹಿಡಿದ ಮಾಲು, ಅಂದರೆ ಮುದ್ದೇಮಾಲು, ಖಟ್ಲೆ ಮುಗಿಯುವ ತನಕ ಕೋರ್ಟಿನ ಉಗ್ರಾಣದಲ್ಲಿ ಇರಬೇಕು. ಅಲ್ಲಿ ಕೋರ್ಟಿನ ಮಾಳಿಗೆ ಸೋರುತ್ತದೆ ಎಂಬ ಕಾರಣ ಹೇಳಿ ಬಂಗಾರ ಬೆಳ್ಳಿಯನ್ನೆಲ್ಲ ಸರ್ಕಾರಿ ವಕೀಲರ ಕಚೇರಿಯಲ್ಲಿಟ್ಟಿದ್ದರು. ಮಾಳಿಗೆ ಎಂದೋ ದುರಸ್ತಿಯಾಗಿತ್ತು, ತಿಜೋರಿ ಮಾತ್ರ ಅಲ್ಲೇ ಉಳಿದಿತ್ತು. ಅದಕ್ಕೆ ಎರಡು ಕೀಲಿ. ಒಂದು ವಕೀಲರ ಹತ್ತಿರ, ಇನ್ನೊಂದು ಗುಮಾಸ್ತನ ಹತ್ತಿರ ಇರಬೇಕು, ಇಬ್ಬರೂ ಕೂಡಿದರೆ ಮಾತ್ರ ತೆರೆಯಬೇಕು ಎಂಬುದು ನಿಯಮ.

ಮೊದಲ ದಿನ ಹಿರಿಯರು, “ತೆಗೀರಿ” ಅಂದರು. ಗುಮಾಸ್ತ ಎದ್ದು ಅಂಗಿ ಮೇಲೆತ್ತಿ, ಧೋತರದ ಒಳಗಿನ ಉಡದಾರವನ್ನು ಹೊರಗೆಳೆದ. ಎರಡೂ ಕೀಲಿ ಅದರಲ್ಲೇ ತೂಗಾಡುತ್ತಿದ್ದವು.

“ವಕೀಲ ಸಾಹೇಬರ ಕೀಲಿ?” ಎಂದರು ಹಿರಿಯರು.

“ಅದೂ ಇದರಾಗ ಐತ್ರಿ. ಸಾಹೇಬರಿಗೆ ಶೇರವಾನಿ ಬದಲ ಮಾಡೂ ಮುಂದ ಮರತು ಹೋಗ್ತೈತಂತ. ಇಲ್ಲಿ ಇದ್ರ ಎಲ್ಲೀ ಹೋಗಂಗಿಲ್ಲ. ಸ್ನಾನಕ್ಕೂ ಬಿಚ್ಚೂದಿಲ್ರಿ.”

ಅವನು ಅದನ್ನು ಹೆಮ್ಮೆಯಿಂದ ಹೇಳಿದ. ಮಾಲು ಕಟ್ಟಿಟ್ಟ ಅರಿವೆಯ ಗಂಟುಗಳ ಮೇಲೆ ಒತ್ತುವ ಮೊಹರು, ಅರಗಿನ ಕಡ್ಡಿ, ಅವೂ ಅವನ ಮೇಜಿನ ಖಾನೆಯಲ್ಲೇ ಇದ್ದವು. ಒಬ್ಬನೇ ಮನುಷ್ಯ ಬೀಗ ತೆಗೆಯಬಹುದು, ಗಂಟು ಒಡೆಯಬಹುದು, ಮತ್ತೆ ಮೊಹರು ಹಾಕಬಹುದು. ಹಿರಿಯರು ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ತಪಾಸಣೆಗೆ ಬಂದವರು ಗಂಟು ಬಿಚ್ಚುವ ಪದ್ಧತಿ ಇರಲಿಲ್ಲ. ಮೊಹರು ಒಡೆಯದೆ ಸಾಬೂತಿದೆಯೇ ನೋಡುವುದು, ಗಂಟಿಗೆ ಕಟ್ಟಿದ ಚೀಟಿಯನ್ನು ಪೊಲೀಸರ ಪಂಚನಾಮೆಯ ನಕಲಿಗೆ ತಾಳೆ ನೋಡುವುದು, ಅಷ್ಟೇ.

ಮರುದಿನ ಕುಷ್ಟಗಿಯ ಕಚೇರಿಯಿಂದ ಹಿರಿಯರಿಗೆ ಕರೆ ಬಂತು. ಅಲ್ಲಿನ ಕಾಗದಗಳನ್ನು ತುರ್ತಾಗಿ ನೋಡಬೇಕಂತೆ. ಆ ಕರೆ ಕಳಿಸಿದವರು ಯಾರು ಎಂಬುದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಕುಷ್ಟಗಿಯಲ್ಲಿ ಅವರನ್ನು ಯಾರೂ ಕರೆದಿರಲಿಲ್ಲ. ಮೋಟಾರು ಹತ್ತುವ ಮೊದಲು ಅವರು, “ನಾ ಬರೋತನಕ ಗಂಟು ಎಣಿಸು, ಚೀಟಿ ಓದು. ಯಾವ ಕಾಗದಕ್ಕೂ ಸಹಿ ಹಾಕಬ್ಯಾಡ” ಎಂದರು.

ಅಂದು ಬೆಳಿಗ್ಗೆ ನಾನು ಒಬ್ಬನೇ ಹೊರಕೋಣೆಯಲ್ಲಿ ಕೂತು ಗಂಟುಗಳನ್ನು ನೋಡುತ್ತಿದ್ದೆ. ಗುಮಾಸ್ತ ತಿಜೋರಿ ತೆಗೆದು ಎಲ್ಲವನ್ನೂ ನನ್ನ ಮೇಜಿಗೆ ಸುರಿದ, ಅರಗು ಮೊಹರುಗಳನ್ನೂ ಅಲ್ಲಿಯೇ ಇಟ್ಟು, ಲಿಂಗಪೂಜೆ ಮುಗಿಸಿ ಬರುತ್ತೇನೆಂದು ಮನೆಗೆ ಹೋದ. ನನಗೆ ಅದು ಸೋಮಾರಿತನ ಅನ್ನಿಸಿತು. ಅದನ್ನೂ ಒಂದು ತಪ್ಪೆಂದು ಬರೆದುಕೊಂಡೆ.

ಅವನು ತಿರುಗಿ ಬಂದಾಗ ಜೊತೆಗೆ ಒಬ್ಬ ಹೆಣ್ಣುಮಗಳು, ಅವಳ ಅಣ್ಣ. ಯಲಬುರ್ಗಾ ಸೀಮೆಯ ಹಳ್ಳಿಯವರು. ನಸುಕಿನಲ್ಲಿ ಎದ್ದು ನಡೆದು ಬಂದಿದ್ದರು, ಕಾಲಿನ ತುಂಬ ಕೆಂಪು ಧೂಳು. ಹಿಂದಿನ ವರ್ಷ ಸಂತೆಯಿಂದ ಬರುವಾಗ ಕಳ್ಳನೊಬ್ಬ ಅವಳ ಕೊರಳಿಗೆ ಕೈ ಹಾಕಿ ತಾಳಿ ಕಿತ್ತುಕೊಂಡು ಓಡಿದ್ದ. ಸಿಕ್ಕುಬಿದ್ದು ಶಿಕ್ಷೆಯೂ ಆಗಿತ್ತು. ತಾಳಿಯನ್ನು ಅವಳಿಗೆ ತಿರುಗಿ ಕೊಡಬೇಕೆಂಬ ಕೋರ್ಟಿನ ಹುಕುಂ ಅಣ್ಣನ ಕೈಯಲ್ಲಿತ್ತು. ಅವಳ ಕೊರಳಲ್ಲಿ ಅರಿಶಿಣದ ಕೊಂಬು ಕಟ್ಟಿದ ನೂಲೆಳೆ ಮಾತ್ರ ಇತ್ತು.

ಗಂಟು ಒಡೆಯಲು ಇಬ್ಬರು ಪಂಚರು ಬೇಕು. “ಒಬ್ಬ ನಾನದೀನಿ, ಇನ್ನೊಬ್ಬರು ತಪಾಸಣಿ ಸಾಹೇಬರು. ಇವರಿಗಿಂತ ದೊಡ್ಡ ಪಂಚರು ಎಲ್ಲಿ ಸಿಗಬೇಕ್ರಿ” ಎಂದು ಗುಮಾಸ್ತ ನಕ್ಕ. ನಾನು ಸಹಿ ಹಾಕಲಾರೆ, ಬೇಕಾದರೆ ನೋಡುತ್ತೇನೆ ಎಂದೆ. ಅವನು ಮೊಹರನ್ನು ಎಲ್ಲರಿಗೂ ತೋರಿಸಿ, ಅರಗು ಒಡೆದು, ಗಂಟು ಬಿಚ್ಚಿ ಹಿತ್ತಾಳೆಯ ತಾಟಿನಲ್ಲಿ ಇಟ್ಟ.

ತಾಳಿ ಪೋಣಿಸಿತ್ತು.

ಆ ಪಂಚನಾಮೆಯನ್ನು ನಾನು ಒಂದು ತಾಸಿನ ಹಿಂದಷ್ಟೇ ಓದಿದ್ದೆ. ದಾರ ಹರಿದದ್ದು, ಬಂಗಾರದ ಗುಂಡು ಮತ್ತು ಕರಿಮಣಿ ಬಿಡಿಬಿಡಿಯಾಗಿ ಅರಿವೆಯಲ್ಲಿ ಕಟ್ಟಿದ್ದು ಎಂದು ಅದರಲ್ಲಿ ಉರ್ದುವಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಾಟಿನಲ್ಲಿದ್ದದ್ದು ಹೊಸ ದಾರ. ಅರಿಶಿಣ ಹಚ್ಚಿ, ಕರಿಮಣಿ ಗುಂಡುಗಳನ್ನು ಒಪ್ಪವಾಗಿ ಸಾಲಿಗೆ ತಂದು, ಕೊನೆಗೆ ಬಿಗಿಯಾಗಿ ಗಂಟು ಹಾಕಿತ್ತು.

ಹೆಣ್ಣುಮಗಳು ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. “ಇದನ್ನ ಯಾರು ಪೋಣಿಸಿದ್ರಿ?” ಎಂದಳು.

“ಪೊಲೀಸ್ರು ಮಾಡಿರ್ತಾರ ತಂಗೀ. ತೊಗೊ, ಹೆಬ್ಬಟ್ಟು ಒತ್ತು.”

“ಪೊಲೀಸ್ರು ತಾಳಿ ಪೋಣಸ್ತಾರೇನ್ರಿ?”

ಪಂಚನಾಮೆಯಲ್ಲಿ ದಾರ ಹರಿದಿದೆ ಎಂದು ಬರೆದಿದೆಯಲ್ಲ ಎಂದೆ ನಾನು. ಜೋರಾಗಿಯೇ ಅಂದೆ. ಪುಸ್ತಕದ ಪ್ರಶ್ನೆಗೆ ಉತ್ತರ ಹೊಳೆದ ಹುಡುಗನ ಹಾಗೆ. ಅಣ್ಣ ತಾಟಿನಿಂದ ತಾಳಿಯನ್ನು ಎತ್ತಿ ಒಂದು ಗುಂಡನ್ನು ಹೊಸ್ತಿಲ ಕಲ್ಲಿಗೆ ತಿಕ್ಕಿದ. ಮೇಲಿನ ಬಂಗಾರದ ಲೇಪ ಹೋಗಿ ಒಳಗಿನ ಹಿತ್ತಾಳೆ ಕಂಡಿತು. ಅವನು ಕಲ್ಲನ್ನೇ ನೋಡುತ್ತ ಕೂತ.

ಒಳಕೋಣೆಯ ಪರದೆ ಸರಿಯಿತು. ವಕೀಲರು ಬಂದು ತಾಟು, ಕಲ್ಲು, ನನ್ನ ಮುಖ ಮೂರನ್ನೂ ನೋಡಿದರು. “ಇವರನ್ನ ಕಟ್ಟಿ ಮ್ಯಾಲ ಕುಂದರ್ಸು” ಎಂದರು. ಜವಾನ ಅಣ್ಣ ತಂಗಿಯರನ್ನು ಹೊರಗೆ ಕಳಿಸಿದ. ನಾನೂ ಏಳಲು ಹೋದೆ. “ನೀವಲ್ಲ” ಎಂದರು. ಹೊರಗಿನಿಂದ ಬಾಗಿಲಿನ ಚಿಲಕ ಬಿತ್ತು. ಕೋಣೆಯಲ್ಲಿ ಉಳಿದವರು ವಕೀಲರು, ಗುಮಾಸ್ತ, ನಾನು.

ಆಮೇಲಿನದನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಹಾಸಿಗೆಯಲ್ಲಿ, ಪ್ರಯಾಣದಲ್ಲಿ, ಒಮ್ಮೊಮ್ಮೆ ಊಟದ ನಡುವೆ. ನೆನಪಿನಲ್ಲಿ ನಾನು ಬೇರೆ ಬೇರೆ ಉತ್ತರ ಕೊಡುತ್ತೇನೆ. ಅಂದು ಕೊಟ್ಟದ್ದು ಬಹಳ ಕಡಿಮೆ.

ವಕೀಲರು ನನ್ನೆದುರಿಗೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಮಾತಾಡಿದರು.

“ಮುಂಜಾನಿಂದ ಈ ಗಂಟು ಯಾರ ಮುಂದ ಇದ್ವು?”

“ನನ್ನ ಮುಂದೆ.”

“ಅರಗು? ಮೊಹರು?”

“ಇಲ್ಲೇ ಇದ್ದವು. ನಿಮ್ಮ ಗುಮಾಸ್ತ ಇಟ್ಟು ಹೋದರು.”

“ಅಂವ ಮನಿಯಾಗ ಪೂಜಿ ಮಾಡ್ಕೋಂತ ಕುಂತಿದ್ದ. ಅದಕ್ಕ ಓಣಿ ಮಂದೆಲ್ಲ ಸಾಕ್ಷಿ. ನೀವು ಒಬ್ರ ಇದ್ರಿ, ಬಾಗಿಲಾ ಮುಂದಕ್ಕಾಗಿತ್ತು. ಅದಕ್ಕ ನಮ್ಮ ಜವಾನ ಸಾಕ್ಷಿ. ನಿನ್ನಿತನಕ ಬಂಗಾರ ಇದ್ದದ್ದು ಇವತ್ತು ಹಿತ್ತಾಳಿ ಆಗೇತಿ. ನೀವು ಓದಿದವರು. ನೀವ ಹೇಳ್ರಿ, ಇದನ್ನ ಯಾರು ಮಾಡಿದ್ರು?”

ಎರಡು ಕೀಲಿಯೂ ಒಂದೇ ಉಡದಾರದಲ್ಲಿ ಇದ್ದುದನ್ನು ನಾವು ನೋಡಿದ್ದೇವೆ ಎಂದೆ. ಅವರು ನಕ್ಕು ಶೇರವಾನಿಯ ಜೇಬಿನಿಂದ ಒಂದು ಕೀಲಿ ತೆಗೆದು ಮೇಜಿನ ಮೇಲೆ ಇಟ್ಟರು. ಗುಮಾಸ್ತ ಕಿಟಕಿಯ ಹತ್ತಿರ ಆ ತಾಟನ್ನು ಹಿಡಿದು ನಿಂತಿದ್ದ. ನಾನು ಅವನ ಕಡೆ ನೋಡಿದೆ, ಅವನು ಸರಳುಗಳ ಆಚೆ ನೋಡುತ್ತಿದ್ದ.

ವಕೀಲರು ಎರಡು ಹಾಳೆ ಮುಂದೆ ಸರಿಸಿದರು. ಎರಡೂ ಉರ್ದುವಿನಲ್ಲಿ ಮೊದಲೇ ಬರೆದು ತಯಾರಾಗಿದ್ದವು. ಒಂದರಲ್ಲಿ, ಮುದ್ದೇಮಾಲು ಪಂಚನಾಮೆಯಲ್ಲಿ ಇದ್ದಂತೆಯೇ ಇದೆ, ನನ್ನ ಕಣ್ಣೆದುರಿಗೆ ಸಾಬೂತಾಗಿ ಕೊಡಲಾಯಿತು ಎಂದು ನಾನು ಬರೆದುಕೊಟ್ಟ ಹಾಗೆ ಇತ್ತು. ಇನ್ನೊಂದು ಪೊಲೀಸರಿಗೆ ಫಿರ್ಯಾದು. ಅದರಲ್ಲಿ ಕಳ್ಳ ನಾನು. ಅಪ್ಪನ ಹೆಸರು, ನಮ್ಮ ಊರು, ಎಲ್ಲ ಸರಿಯಾಗಿ ಬರೆದಿತ್ತು. ಅಂದರೆ ಇದು ಆ ಗಳಿಗೆಯ ಯೋಚನೆ ಆಗಿರಲಿಲ್ಲ. ಹಿರಿಯರನ್ನು ಕುಷ್ಟಗಿಗೆ ಕಳಿಸಿದ್ದು, ಗಂಟುಗಳನ್ನು ನನ್ನ ಮುಂದೆ ಸುರಿದದ್ದು, ಕೋರ್ಟಿನ ಹುಕುಂ ಹಿಡಿದವರನ್ನು ಅದೇ ದಿನ ಕರೆಸಿದ್ದು, ಎಲ್ಲವೂ ಈ ಎರಡು ಹಾಳೆಗಳಿಗಾಗಿ. ತಪಾಸಣೆಯವನ ಸಹಿ ಬಿದ್ದ ಮೇಲೆ ಹಿತ್ತಾಳೆಯನ್ನು ಬಂಗಾರವಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಉಳಿದ ಗಂಟುಗಳ ಗತಿಯೂ ಆಮೇಲೆ ಸುಲಭ.

“ಯಾವುದರಾ ಒಂದು ಆರಿಸ್ಕೋರಿ” ಎಂದರು.

“ಇದು ಸುಳ್ಳು. ಕೋರ್ಟಿನಲ್ಲಿ ಹೇಳುತ್ತೇನೆ.”

“ಹೇಳ್ರಿ. ಆ ಕೋರ್ಟಿನ್ಯಾಗ ಸರ್ಕಾರದ ಪರವಾಗಿ ಎದ್ದು ನಿಂದ್ರಾಂವ ಯಾರು? ನಾನ. ಈ ತಾಲೂಕಿನ್ಯಾಗ ಯಾರು ಕಳ್ಳ, ಯಾರು ಸಾಚಾ ಅಂತ ಹೇಳಾಕ ನನಗ ಪಗಾರ ಕೊಡ್ತಾರ.” ಎಲೆಯನ್ನು ಮಡಿಚಿ ಬಾಯಿಗಿಟ್ಟರು. “ಬಿ.ಎ. ಮಾಡೀರಿ. ಛಲೋ. ಜೇಲಿನ್ಯಾಗ ಬಿ.ಎ. ಆದವರಿಗೆ ಬ್ಯಾರೆ ಚಾಪಿ ಕೊಡಂಗಿಲ್ಲ.”

ಅಪ್ಪ ನನ್ನನ್ನು ಓದಿಸಲು ಹೊಲ ಮಾರಿದ್ದ. ಊರಿನಲ್ಲಿ ನನ್ನ ಹಿಂದೆ ಮದುವೆಯಾಗದ ಇಬ್ಬರು ತಂಗಿಯರಿದ್ದರು. ಕಳ್ಳನ ತಂಗಿಯರು ಎಂದು ಒಮ್ಮೆ ಹೆಸರಾದರೆ ಆ ಸೀಮೆಯಲ್ಲಿ ಅವರನ್ನು ಯಾರೂ ತಮ್ಮ ಮನೆಗೆ ತಂದುಕೊಳ್ಳುತ್ತಿರಲಿಲ್ಲ. ವಕೀಲರು ಅದನ್ನೆಲ್ಲ ವಿಚಾರಿಸಿಯೇ ನನ್ನನ್ನು ಆರಿಸಿದ್ದರು ಅನ್ನಿಸುತ್ತದೆ. ಅವರು ಲೇಖನಿಯನ್ನು ಮಸಿಯಲ್ಲಿ ಅದ್ದಿ ನನ್ನ ಬೆರಳಿನ ನಡುವೆ ಇಟ್ಟರು. ಬಾಗಿಲಿನ ಆಚೆ ಜವಾನನ ಜೊತೆ ಇನ್ನೂ ಯಾರೋ ಇಬ್ಬರು ಸೇರಿದ್ದರು. ಲಾಠಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟುವ ಸಪ್ಪಳ. ಮಧ್ಯಾಹ್ನದ ಬಿಸಿಲಿಗೆ ಕೋಣೆ ಕಾದ ಹಂಚಿನಂತಾಗಿತ್ತು. ನೀರು ಕೇಳಿದೆ. “ಸಹಿ ಆದಮ್ಯಾಲ ಮಜ್ಜಿಗಿ ಐತಿ” ಎಂದರು.

ಹೊರಗೆ ಆ ಹೆಣ್ಣುಮಗಳು ಹೋಗಿರಲಿಲ್ಲ. ಅಂದು ಕೋರ್ಟಿನ ದಿನವಾದ್ದರಿಂದ ಅಂಗಳದಲ್ಲಿ ಜನ ಸೇರಿದ್ದರು. ಅವಳು ಬಂದವರನ್ನೆಲ್ಲ ಅದೇ ಮಾತು ಕೇಳುತ್ತಿದ್ದಳು. ಬಂಗಾರದ ಮಾತಲ್ಲ. ಬಂಗಾರದ ಬಗ್ಗೆ ಅಣ್ಣ ಮಾತಾಡುತ್ತಿದ್ದ.

“ಬಂಗಾರ ಹಾಳಾಗಿ ಹೋಗ್ಲಿ ಬಿಡೋ ಯಣ್ಣಾ. ಪೋಣಿಸಿದಾಕಿ ಯಾರಂತ ಮೊದಲ ಕೇಳು.”

“ಯಾರಾದ್ರೇನಬೇ? ಹಿತ್ತಾಳಿ ಐತಿ ಅದು.”

“ಹಿತ್ತಾಳಿ ಇದ್ರೂ ತಾಳಿ ತಾಳಿನ. ಗಂಡ ಸತ್ತಾಕಿ ಕೈಲೆ ಪೋಣಿಸಿದ್ರ? ಮನಿಯಾಗ ನಮ್ಮವರು ಜ್ವರದಾಗ ಮಲಗ್ಯಾರ. ನಾ ಬರೂ ಮುಂದ ಕಣ್ಣ ತೆರೀಲಿಲ್ಲ.”

ಯಾರೋ ಮುದುಕಿ ಲೊಚಗುಟ್ಟಿದಳು. ಇನ್ನೊಬ್ಬ ಗಂಡಸು, “ಸರ್ಕಾರದ ಕೈಲೆ ಪೋಣಿಸಿದ್ದು ಬೇ, ಸರ್ಕಾರಕ್ಕ ಸಾವಿಲ್ಲ” ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಅವಳು ಕಟ್ಟೆ ಇಳಿದು ಕಿಟಕಿಗೆ ಬಂದಳು. ಎರಡೂ ಕೈಯಲ್ಲಿ ಸರಳು ಹಿಡಿದಳು. ಗುಮಾಸ್ತ ಅವಳಿಂದ ಮೊಳದಷ್ಟು ದೂರ, ಕೈಯಲ್ಲಿ ಅದೇ ತಾಟು.

“ಯಣ್ಣಾ, ನೀವು ಹಣಿಗೆ ಈಬತ್ತಿ ಹಚ್ಚಿದವರು. ನನಗ ಬಂಗಾರ ಬ್ಯಾಡ. ಒಂದ ಮಾತು ಹೇಳ್ರಿ. ಇದನ್ನ ಗಂಡ ಸತ್ತಾಕಿ ಪೋಣಿಸ್ಯಾಳೇನು? ಅದಕ್ಕ ನಮ್ಮವರಿಗೆ ಹಿಂಗಾಗೇತೇನು?”

“ಹೋಗವಾ, ಆಚೆ ಹೋಗು” ಎಂದರು ವಕೀಲರು ಕೂತಲ್ಲಿಂದಲೇ.

ಅವಳು ವಕೀಲರ ಕಡೆ ನೋಡಲೇ ಇಲ್ಲ. ಗುಮಾಸ್ತನ ತುಟಿ ಅಲುಗಿತು. ಆ ಮುಖವನ್ನು ನಾನು ಚೆನ್ನಾಗಿ ನೋಡಿದ್ದೇನೆ. ಬಂಗಾರ ಕದ್ದದ್ದಕ್ಕೆ ಅವನಿಗೆ ಅಂಜಿಕೆ ಇರಲಿಲ್ಲ. ಆದರೆ ತನ್ನ ಮನೆಯಿಂದ ಒಬ್ಬ ಹೆಣ್ಣುಮಗಳಿಗೆ ಅಂಥ ಅಪಶಕುನ ಹೋಯಿತೆಂದು ಅವಳು ನಂಬುವುದನ್ನು ಅವನಿಗೆ ತಡೆದುಕೊಳ್ಳಲು ಆಗಲಿಲ್ಲ.

“ಹಂಗ ಅನಬ್ಯಾಡ ತಂಗೀ” ಎಂದ. “ಮುತ್ತೈದೀನ ಪೋಣಿಸ್ಯಾಳ. ಶುಕ್ರವಾರ, ತಲಿಮ್ಯಾಲ ನೀರ ಹಾಕ್ಕೊಂಡು, ಅರಿಶಿಣ ಹಚ್ಚಿ ಪೋಣಿಸ್ಯಾಳ. ನಿನ್ನ ಗಂಡಗ ಏನೂ ಆಗಂಗಿಲ್ಲ.”

ಅಂಗಳದವರೆಲ್ಲ ಕಿಟಕಿಯ ಕಡೆ ತಿರುಗಿದರು. ತಾನು ಏನು ಅಂದೆನೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಅವಳ ಮುಖದ ಮೇಲೆ ಸಮಾಧಾನ ಬಂದದ್ದನ್ನು ಕಂಡು ಅವನೂ ತಲೆ ಆಡಿಸುತ್ತಿದ್ದ. ಅಣ್ಣನೇ ಸರಳಿನ ಹತ್ತಿರ ಬಂದು ಕೇಳಿದ: “ಯಾರ್ರೀ ಆ ಮುತ್ತೈದಿ? ನಿಮ್ಮ ಮನಿಯವರೇನು?”

ಗುಮಾಸ್ತ ತಾಟನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತುಬಿಟ್ಟ.

ಹೊರಗೆ ಗದ್ದಲ ಎದ್ದಿತು. ಯಾರೋ ಚಿಲಕ ತೆಗೆದರು, ಬಾಗಿಲಿನ ತುಂಬ ತಲೆಗಳು. ವಕೀಲರು ಮಾತ್ರ ಗಾಬರಿಯಾಗಲಿಲ್ಲ. ಸಹಿಗೆಂದು ಇಟ್ಟ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು. ಫಿರ್ಯಾದಿನ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಲೇಖನಿ ಕೊಡ್ರಿ” ಎಂದು ನನ್ನತ್ತ ಕೈ ಚಾಚಿದರು.

ಕೊಟ್ಟೆ. ಅವರು ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದು ಗುಮಾಸ್ತನ ಹೆಸರು ಬರೆದರು. ಉಳಿದ ಒಕ್ಕಣೆಯನ್ನು ಬಹಳ ಬದಲಿಸಬೇಕಾಗಲಿಲ್ಲ.

“ಸಾಹೇಬರ, ಕೀಲಿ ನೀವ ಕೊಟ್ಟೀರಿ” ಎಂದ ಗುಮಾಸ್ತ ನೆಲದಿಂದ. ಮೆಲ್ಲಗೆ, ನೆನಪು ಮಾಡಿಕೊಡುವವನ ಹಾಗೆ. “ಮಾಲು ಯಾರ ಮನಿಗೆ ಹೋತು ಅಂತ ನಿಮಗ ಗೊತ್ತೈತಿ.”

“ನನ್ನ ಕೀಲಿ ಇಲ್ಲೇ ಐತಲ್ಲೋ” ಎಂದರು ವಕೀಲರು, ಮೇಜಿನ ಮೇಲಿದ್ದುದನ್ನು ಎಲ್ಲರಿಗೂ ಎತ್ತಿ ತೋರಿಸಿ.

ಅದು ಯಾವ ಬೀಗದ ಕೀಲಿಯೋ. ಅದನ್ನು ತಿಜೋರಿಗೆ ಹಾಕಿ ನೋಡೋಣ ಎಂದು ಹೇಳಬೇಕಾದವನು ಆ ಕೋಣೆಯಲ್ಲಿ ನಾನೊಬ್ಬನೇ. ನಾನು ಆ ಕೀಲಿಯನ್ನು ನೋಡುತ್ತ ಕೂತಿದ್ದೆ. ಪೊಲೀಸರು ಬರುವುದರೊಳಗೆ ಅದು ಮತ್ತೆ ಶೇರವಾನಿಯ ಜೇಬು ಸೇರಿತು. ಪೊಲೀಸರು ಗುಮಾಸ್ತನ ಉಡದಾರ ಕತ್ತರಿಸಿ ಎರಡು ಕೀಲಿ ತೆಗೆದಾಗ, ವಕೀಲರು ಅದರಲ್ಲಿ ಒಂದು ತಮ್ಮ ಕೀಲಿಯ ನಕಲು ಎಂದರು. ಹಾಗೆಯೇ ದಾಖಲಾಯಿತು.

ಹಿರಿಯರು ಸಂಜೆಯ ಮೋಟಾರಿಗೆ ಕುಷ್ಟಗಿಯಿಂದ ಬಂದರು. ಎಲ್ಲ ಕೇಳಿದ ಮೇಲೆ ನನ್ನ ಕೈ ಹಿಡಿದು ಬೆರಳುಗಳ ಮೇಲಿದ್ದ ಮಸಿಯನ್ನು ನೋಡಿದರು. “ಸಹಿ?” ಎಂದರು. ಇಲ್ಲ ಎಂದೆ. “ಹಂಗಾದ್ರ ಉಣ್ಣು” ಎಂದು ಪುಠಾಣಿಯ ಪೊಟ್ಟಣ ಬಿಚ್ಚಿದರು.

ಮರುದಿನ ಬೆಳಿಗ್ಗೆ ಧರ್ಮಶಾಲೆಯ ಮುಂದೆ ಗುಮಾಸ್ತನ ಹೆಂಡತಿ ಬಂದು ನಿಂತಿದ್ದಳು. ತುಂಬು ಕುಂಕುಮ, ಹಸಿರು ಬಳೆ. ಜೊತೆಗೆ ಓಣಿಯ ಹೆಂಗಸರು, ಅವರು ತುಸು ಹಿಂದೆ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಒಬ್ಬಳು ಕ್ಯಾಕರಿಸಿ ಉಗುಳಿದಳು.

“ನಮ್ಮನಿಯವರು ಹರದ ತಾಳಿ ತಂದು, ಪೋಣಿಸು ಅಂದ್ರು” ಎಂದಳು ಗುಮಾಸ್ತನ ಹೆಂಡತಿ. “ಯಾರದು ಅಂತ ಕೇಳಿದೆ. ನಿನಗ್ಯಾಕ ಅಂದ್ರು. ಹರದ ತಾಳಿನ ಹಂಗ ಮನಿಯಾಗ ಇಟ್ಕೋಬೇಕಿತ್ತೇನ್ರಿ? ಹಂಗ ಬಿಟ್ಟಿದ್ರ ಇವತ್ತ ಅವರು ಹೊರಗ ಇರ್ತಿದ್ರು, ಅಲ್ಲ?”

ಹಿರಿಯರು ಒಳಗಿದ್ದರು. ಉತ್ತರ ಹೇಳಬೇಕಾದವನು ನಾನು.

“ಅಮ್ಮಾ, ಬಂಗಾರ ಕದ್ದದ್ದು...” ಎಂದು ಶುರು ಮಾಡಿದೆ.

“ನಾ ಬಂಗಾರದ ಮಾತ ಕೇಳಿಲ್ಲ” ಎಂದಳು. “ನಿಮ್ಮ ಊರಾಗ ಹೆಣ್ಮಕ್ಕಳದಾರೇನು?”

ಇದ್ದಾರೆ ಎಂದೆ.

“ಅವರಿಗೆ ಹೇಳ್ರಿ. ಯಾರದರಾ ತಾಳಿ ಹರದಿದ್ರ ಮುಟ್ಟಬ್ಯಾಡ್ರಿ ಅಂತ ಹೇಳ್ರಿ.”

ಅವಳು ಶಾಪ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು.

ನಮ್ಮ ವರದಿಯಲ್ಲಿ ಹಿರಿಯರು ಎಲ್ಲವನ್ನೂ ಬರೆದರು. ಒಂದೇ ಉಡದಾರದಲ್ಲಿ ಎರಡು ಕೀಲಿಯನ್ನು ಮೊದಲ ದಿನವೇ ಕಂಡದ್ದು, ಮೊಹರು ಅರಗು ಒಬ್ಬನ ವಶದಲ್ಲಿದ್ದುದು, ಸುಳ್ಳು ಕರೆ, ಎರಡು ಹಾಳೆ. ಮೇಲಿನವರಿಂದ ಉತ್ತರ ಬಂತು. ಇನ್ನು ಮುಂದೆ ಕೀಲಿಗಳನ್ನು ಬೇರೆ ಬೇರೆ ಇಡತಕ್ಕದ್ದು. ಅಷ್ಟೇ. ಉಳಿದ ಗಂಟುಗಳನ್ನು ಒಡೆದು ನೋಡಿದಾಗ ಹಲವುಗಳಲ್ಲಿ ಹಿತ್ತಾಳೆ ಸಿಕ್ಕಿತೆಂದು ಕೇಳಿದೆ. ಗುಮಾಸ್ತ ಇದ್ದದ್ದು ಮಣ್ಣಿನ ಮಾಳಿಗೆಯ ಬಾಡಿಗೆ ಮನೆಯಲ್ಲಿ. ಆ ವರ್ಷ ಮನೆಗೆ ಮೇಲಂತಸ್ತು ಕಟ್ಟಿಸಿದವರು ವಕೀಲರು. ಇದನ್ನು ನಾನು ಸಾಕ್ಷ್ಯವೆಂದು ಹೇಳುತ್ತಿಲ್ಲ, ನೋಡಿದ್ದನ್ನು ಹೇಳುತ್ತಿದ್ದೇನೆ.

ಖಟ್ಲೆ ಗಂಗಾವತಿಯ ಕೋರ್ಟಿಗೆ ಹೋಯಿತು. ಸರ್ಕಾರದ ಪರ ಬೇರೆ ವಕೀಲರು ಬಂದರು. ಆ ಊರಿನ ನಮ್ಮ ವಕೀಲರು ಸುಮ್ಮನೆ ನೋಡಲು ಬಂದವರಂತೆ ಹಿಂದಿನ ಬೆಂಚಿನಲ್ಲಿ ಕೂತು ಎಲೆ ಹಾಕುತ್ತಿದ್ದರು. ನಾನು ಕಟಕಟೆ ಹತ್ತಿ, ಗುಮಾಸ್ತ ಕಿಟಕಿಯಲ್ಲಿ ಅಂದ ಮಾತನ್ನು ಇದ್ದ ಹಾಗೆಯೇ ಹೇಳಿದೆ. ಕೀಲಿಯ ವಿಷಯ, ಎರಡು ಹಾಳೆಯ ವಿಷಯ ಹೇಳಲು ಹೋದಾಗ ನ್ಯಾಯಾಧೀಶರು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದರು. ಸಹಿಗೆಂದು ಬರೆದ ಹಾಳೆ ಯಾರ ಬಳಿಯೂ ಇರಲಿಲ್ಲ. ಗುಮಾಸ್ತನ ಪರ ನಿಂತವರು ಕೊಪ್ಪಳದ ಒಬ್ಬ ಮುದಿ ವಕೀಲರು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ಆರೋಪಿ ಆ ಮಾತು ಆಡದೆ ಇದ್ದಿದ್ದರೆ, ಇವತ್ತು ಅಲ್ಲಿ ಯಾರು ನಿಂತಿರುತ್ತಿದ್ದರು?”

ಗುಮಾಸ್ತ ತಲೆ ಎತ್ತಿ ನನ್ನನ್ನು ನೋಡಿದ.

“ನಾನು” ಎಂದೆ.

ಅದನ್ನು ಉರ್ದುವಿನಲ್ಲಿ ಬರೆದುಕೊಂಡರು. ಅವನಿಗೆ ಶಿಕ್ಷೆ ಆಯಿತು.

ಕೋರ್ಟಿನಿಂದ ಹೊರಬಿದ್ದಾಗ ಬಿಸಿಲು ನೆತ್ತಿಯ ಮೇಲಿತ್ತು. ಮೋಟಾರು ನಿಲ್ಲುವ ಜಾಗ ಊರಿನ ಇನ್ನೊಂದು ತುದಿಯಲ್ಲಿ. ಅಕ್ಕಿ ಅಂಗಡಿಗಳ ಸಾಲು ದಾಟುವ ಹೊತ್ತಿಗೆ ಹಿಂದಿನಿಂದ ಟಾಂಗಾದ ಗೆಜ್ಜೆ ಕೇಳಿತು. ಅದು ನನ್ನನ್ನು ದಾಟಿ ಹೋಗಲಿಲ್ಲ, ಪಕ್ಕಕ್ಕೆ ಬಂದು ನಿಧಾನವಾಯಿತು.

“ಬರ್ರಿ, ಬಿಡ್ತೀನಿ” ಎಂದರು ವಕೀಲರು ಸ್ವಲ್ಪ ಸರಿದು ಜಾಗ ಮಾಡಿ. “ಬಿಸಲು ಭಾಳ ಐತಿ.”

ಬೇಡ ಎಂದೆ.

“ತಂಗ್ಯಾರಿಗೆ ವರ ಗೊತ್ತಾತೇನು?”

ನಾನು ಮುಂದೆ ನಡೆದೆ. ಅವರು ಟಾಂಗಾದವನ ಭುಜ ಮುಟ್ಟಿದರು. ಅವನು ಲಗಾಮು ಬಿಗಿ ಹಿಡಿದ. ಕುದುರೆ ನನ್ನ ನಡಿಗೆಗೆ ಸಮನಾಗಿ ಹೆಜ್ಜೆ ಹಾಕಿತು. ನಾನು ಬೇಗ ನಡೆದರೆ ಅದೂ ಬೇಗ, ನಿಂತರೆ ಅದೂ ನಿಲ್ಲುತ್ತಿತ್ತು. ಅಂಗಡಿಗಳಲ್ಲಿ ಕೂತವರು ನಮ್ಮಿಬ್ಬರನ್ನೂ ನೋಡಿ ವಕೀಲರಿಗೆ ಕೈ ಮುಗಿಯುತ್ತಿದ್ದರು. ಅವರು ಒಬ್ಬೊಬ್ಬರಿಗೂ ತಿರುಗಿ ಕೈ ಮುಗಿದು, ಬೇಕಾದವರ ಹತ್ತಿರ ಮನೆಯ ಕ್ಷೇಮ ಕೇಳುತ್ತ, ಮೋಟಾರಿನ ಬಾಗಿಲಿನವರೆಗೂ ನನ್ನ ಪಕ್ಕದಲ್ಲೇ ಬಂದರು.